ಅಲ್ಯೂಮಿನಿಯಂ ಬೋಟ್ ಟ್ಯೂಬ್ ಸೋರುತ್ತಿದೆಯೇ? ವೆಲ್ಡಿಂಗ್‌ಗೆ ಕೊಡುವ ಮೊದಲು ಇದನ್ನ ಓದ್ರಿ

ಗೋಕಾಕ: ಮಳೆಗಾಲದಲ್ಲಿ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ತುಂಬಿದಾಗ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನದಿ ದಂಡೆಯ ಊರುಗಳಿಗೆ ಬೋಟ್ ನೆನಪಾಗುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಗೋಕಾಕ ಪಟ್ಟಣದೊಳಗೇ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಸೋರುವ ಬೋಟ್ ಇದ್ದರೂ ಇಲ್ಲದಂತೆ.

ಎರಡು ಉದ್ದನೆಯ ಅಲ್ಯೂಮಿನಿಯಂ ಟ್ಯೂಬ್‌ಗಳ ಮೇಲೆ ಹಲಗೆ ಕೂರಿಸಿದ ಬೋಟ್‌ಗಳು ತೇಲುವುದು ಟ್ಯೂಬ್ ಒಳಗಿನ ಗಾಳಿಯಿಂದ. 1 ಲೀಟರ್ ನೀರು ಒಳಹೊಕ್ಕರೆ 1 ಕೆಜಿ ಹೊರುವ ಶಕ್ತಿ ಹೋಯಿತು. 60 ಲೀಟರ್ ಹೊಕ್ಕರೆ ಒಬ್ಬ ಮನುಷ್ಯನ ಜಾಗವೇ ಕಡಿಮೆ ಆದಂತೆ.

ತೂತು ಹುಡುಕುವುದು ಹೇಗೆ?

ಮೊದಲು ಒಳಗಿನ ನೀರು ಪೂರ್ತಿ ಬಸಿಯಬೇಕು. ಆಮೇಲೆ 2 ಪಿಎಸ್‌ಐನಷ್ಟು ಮಾತ್ರ ಗಾಳಿ ತುಂಬಿ, ಸಾಬೂನು ನೀರು ಹಚ್ಚಿ ನೋಡ್ರಿ. ಗುಳ್ಳೆ ಎದ್ದಲ್ಲಿ ಮಾರ್ಕರ್‌ನಿಂದ ಗುರುತು ಹಾಕ್ರಿ. ಹಳೇ ವೆಲ್ಡಿಂಗ್ ಜೋಡಣೆ, ಕಲ್ಲಿಗೆ ಉಜ್ಜುವ ತಳಭಾಗ, ಕಬ್ಬಿಣದ ಬೋಲ್ಟ್ ತಾಗುವ ಜಾಗ, ಈ ಮೂರನ್ನ ತಪ್ಪದೇ ನೋಡಬೇಕು. ಕಬ್ಬಿಣ ತಾಗಿ ನೀರಲ್ಲಿ ಇದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅನ್ನು ನೇರವಾಗಿ ಹಚ್ಚಬಾರದು. ಕಾರ್ ಟೈರಿನ 30 ಪಿಎಸ್‌ಐ ಗಾಳಿಯನ್ನು 2 ಅಡಿ ವ್ಯಾಸದ ಟ್ಯೂಬ್‌ಗೆ ತುಂಬಿದರೆ ಅದರ ಮುಚ್ಚಳದ ಮೇಲೆ ಸುಮಾರು 6 ಟನ್ ಭಾರ ಬೀಳುತ್ತದೆ. ಮುಚ್ಚಳ ಸಿಡಿದರೆ ಎದುರಿಗೆ ನಿಂತವರ ಜೀವಕ್ಕೇ ಅಪಾಯ. ರೆಗ್ಯುಲೇಟರ್ ಇರಲೇಬೇಕು.

ಮುಚ್ಚಿದ ಟ್ಯೂಬ್‌ಗೆ ಬೆಂಕಿ ಬೇಡ

ಎಲ್ಲಕ್ಕಿಂತ ಮುಖ್ಯ ಮಾತು ಇದು. ಒಳಗೆ ಉಳಿದ ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಪೆಟ್ರೋಲ್ ಆವಿ ಸೇರಿಕೊಂಡಿದ್ದರೆ ಸ್ಫೋಟವೇ ಆಗಬಹುದು. ಟ್ಯೂಬ್ ಒಳಗೆ ಬೇರೆ ಬೇರೆ ಕೋಣೆಗಳಿದ್ದರೆ ಪ್ರತಿ ಕೋಣೆಗೂ ಗಾಳಿ ಹೊರಹೋಗಲು ದಾರಿ ಬಿಟ್ಟೇ ಕೆಲಸ ಶುರು ಮಾಡಬೇಕು. ಪ್ಲಗ್ ಇಲ್ಲದಿದ್ದರೆ ಮೇಲ್ಭಾಗದಲ್ಲಿ ತೂತು ಕೊರೆದು, ಕೊನೆಗೆ ತಿರುಪಿನ ಪ್ಲಗ್ ಕೂರಿಸುವುದು ಒಳ್ಳೇದು. ಒಳಗೆ ಫೋಮ್ ತುಂಬಿದ್ದರೆ ಅದು ಹೊತ್ತಿಕೊಂಡು ವಿಷದ ಹೊಗೆ ಬರುತ್ತದೆ. ಆ ಭಾಗದ ಫೋಮ್ ತೆಗೆದೇ ಕೆಲಸ ಮಾಡಬೇಕು.

ವೆಲ್ಡಿಂಗ್ ಹೇಗಿರಬೇಕು?

ಗೇಟು, ಟ್ರಾಲಿಗೆ ಬಳಸುವ ಕಬ್ಬಿಣದ ರಾಡ್ ಇದಕ್ಕೆ ಹಿಡಿಯುವುದಿಲ್ಲ. ಎಸಿ ಕರೆಂಟಿನ ಆರ್ಗನ್ (ಟಿಗ್) ವೆಲ್ಡಿಂಗ್ ಬೇಕು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಆದರೆ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಮೇಲಾಗಿ ಕಬ್ಬಿಣದಂತೆ ಇದು ಕೆಂಪಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಕುಸಿದು ದೊಡ್ಡ ತೂತಾಗುತ್ತದೆ.

ಹಳೇ ಎಂ-ಸೀಲ್, ಬಣ್ಣ ಕೆರೆದು ತೆಗೆದು, ಅಸಿಟೋನ್‌ನಿಂದ ಜಿಡ್ಡು ಒರೆಸಿ, ಅದು ಪೂರ್ತಿ ಆರಿದ ಮೇಲೆ ಹೊಸ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಬೇಕು. ಕಬ್ಬಿಣಕ್ಕೆ ಬಳಸಿದ ಬ್ರಷ್ ಬೇಡ. ಬ್ರೇಕ್ ಕ್ಲೀನರ್ ಸ್ಪ್ರೇ ಹಚ್ಚಲೇಬೇಡ್ರಿ. ಅದರಲ್ಲಿ ಕ್ಲೋರಿನ್ ಇರುವ ರಾಸಾಯನಿಕ ಇದ್ದರೆ ವೆಲ್ಡಿಂಗ್ ಶಾಖಕ್ಕೆ ವಿಷಾನಿಲ ಏಳುತ್ತದೆ.

ಬಿರುಕು ಇದ್ದರೆ ಅದರ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯಬೇಕು, ಇಲ್ಲವೆಂದರೆ ಅದು ಮುಂದಕ್ಕೆ ಓಡುತ್ತದೆ. ಶೀಟ್ ತೀರಾ ತೆಳುವಾಗಿದ್ದರೆ ಬರೀ ತೂತು ತುಂಬಿಸಿ ಪ್ರಯೋಜನವಿಲ್ಲ. ಮೂಲೆ ದುಂಡಗೆ ಮಾಡಿದ ಪಟ್ಟಿ ಇಟ್ಟು ಸುತ್ತಲೂ ವೆಲ್ಡ್ ಮಾಡಿಸ್ರಿ.

ದುಡ್ಡು ಕೊಡುವ ಮುನ್ನ

ಪೂರ್ತಿ ಆರಿದ ಮೇಲೆ ಮತ್ತೆ 2 ಪಿಎಸ್‌ಐ ಗಾಳಿ, ಮತ್ತೆ ಸಾಬೂನು ನೀರು. ಗುಳ್ಳೆ ಬರದಿದ್ದರೆ ದಂಡೆಯ ಹತ್ತಿರ ಆಳವಿಲ್ಲದ ನೀರಲ್ಲಿ ಒಂದು ರಾತ್ರಿ ಕಟ್ಟಿಹಾಕಿ, ಮರುದಿನ ಪ್ಲಗ್ ಬಿಚ್ಚಿ ನೋಡ್ರಿ. ಹನಿ ನೀರೂ ಬರಬಾರದು. ಎಂ-ಸೀಲ್ ಬರೀ ದಂಡೆ ಮುಟ್ಟುವವರೆಗಿನ ಉಪಾಯ, ಅದನ್ನ ನಂಬಿ ಜನರನ್ನ ಹತ್ತಿಸಬೇಡ್ರಿ. ಹೊಳೆ ಬಂದ ದಿನ ಓಡಾಡುವುದಕ್ಕಿಂತ ಬೇಸಿಗೆಯಲ್ಲೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು.