'ದಿಲ್ ಘಿರ್ದಾ ಹೈ': ಬ್ರಿಟನ್ನಿನ ಪಂಜಾಬಿ ವಲಸಿಗರ ಒಂದು ನೋವಿನ ಮಾತು

1. ಆಕರ
ಇಂಗ್ಲೆಂಡಿನ ಬೆಡ್‌ಫರ್ಡ್‌ನ ಪಂಜಾಬಿಗಳನ್ನು ಕುರಿತು ಇಂಗಾ-ಬ್ರಿಟ್ ಕ್ರೌಸೆ 1989ರಲ್ಲಿ ಪ್ರಕಟಿಸಿದ ಲೇಖನದ ಕೇಂದ್ರ 'ದಿಲ್ ಘಿರ್ದಾ ಹೈ' ಎಂಬ ಮಾತು. ಎದೆಯಲ್ಲಿ ಆಗುವ ಈ ಸಂಕಟಕ್ಕೆ ಅತಿ ಉಷ್ಣ, ದಣಿವು, ಚಿಂತೆ, ನಾಲ್ಕು ಜನರೆದುರು ಆದ ಸೋಲು ಕಾರಣವೆಂಬುದು ಅಲ್ಲಿನವರ ತಿಳಿವಳಿಕೆ. ದೇಹದ ನೋವು ಬೇರೆ, ಮನಸ್ಸಿನ ನೋವು ಬೇರೆ ಎಂಬ ವಿಂಗಡಣೆ ಇದರಲ್ಲಿಲ್ಲ. ಆದ್ದರಿಂದ ಇದನ್ನು ಖಿನ್ನತೆಯ 'ದೈಹಿಕ ವೇಷ' ಎನ್ನುವುದು ನಿಖರವಾಗದು.

2. ಕ್ರಿಯಾಪದ
ಲೇಖನದ ಇಂಗ್ಲಿಷ್ ಶೀರ್ಷಿಕೆಯಲ್ಲಿ ಹೃದಯ 'ಮುಳುಗುತ್ತದೆ'. ಪಂಜಾಬಿಯಲ್ಲಿ ಮುಳುಗುವುದಕ್ಕೆ 'ಡುಬ್ಬ್-' ಎಂಬ ಬೇರೆ ಧಾತುವಿದೆ. 'ಗಿರ್-' ಎಂದರೆ ಬೀಳು. 'ಘಿರ್-' ಎಂದರೆ ಸುತ್ತುವರಿಯಲ್ಪಡು. ಪದಾದಿಯ ಘಕಾರ ಪಂಜಾಬಿಯಲ್ಲಿ ಕಕಾರಕ್ಕೆ ಹತ್ತಿರವಾಗಿ, ತಗ್ಗಿದ ಸ್ವರದಲ್ಲಿ ಉಚ್ಚಾರವಾಗುವುದರಿಂದ ಆಡುವವರ ಕಿವಿಗೆ ಇವೆರಡೂ ಬೆರೆಯುವುದಿಲ್ಲ. ಮುದ್ರಿತ ರೂಪ ಮಹಾಪ್ರಾಣದ್ದು. ಅದನ್ನು ಯಥಾವತ್ತಾಗಿ ಒಪ್ಪಿದರೆ, ಬೀಳುವ ಎದೆಗಿಂತ ಎಲ್ಲ ಕಡೆಯಿಂದ ಮುತ್ತಿಗೆಗೊಳಗಾದ ಎದೆಯ ಚಿತ್ರವೇ ಮೂಲಕ್ಕೆ ಹೆಚ್ಚು ಹತ್ತಿರವಿರಬಹುದು. ಕನ್ನಡದ 'ಎದೆ ಧಸಕ್ಕೆನ್ನು' ಇದಕ್ಕೆ ಸಮಾನಪದವಲ್ಲ; ಅದು ಕ್ಷಣದ ಆಘಾತಕ್ಕೆ ಸಲ್ಲುವ ಮಾತು.

3. ಪ್ರಶ್ನಾವಳಿಗಳು
ಖಿನ್ನತೆಯನ್ನು ಅಳೆಯಲು ವ್ಯಾಪಕವಾಗಿ ಬಳಕೆಯಲ್ಲಿರುವ ಪಿಎಚ್‌ಕ್ಯೂ-9 (2001) ನಿದ್ದೆ, ಹಸಿವು, ಸುಸ್ತುಗಳನ್ನು ಕೇಳುತ್ತದೆ, ಎದೆಯನ್ನು ಕೇಳುವುದಿಲ್ಲ. ಎದೆನೋವು, ಎದೆಬಡಿತ ಇರುವುದು ದೈಹಿಕ ಲಕ್ಷಣಗಳಿಗೆ ಮೀಸಲಾದ ಪಿಎಚ್‌ಕ್ಯೂ-15ರಲ್ಲಿ (2002). ಬೆಡ್‌ಫರ್ಡ್‌ನಲ್ಲಿ ಒಂದೇ ಆಗಿದ್ದ ನೋವು ಹೀಗೆ ಎರಡು ಹಾಳೆಗಳಿಗೆ ಹಂಚಿಹೋಗುತ್ತದೆ. ಮನೋರೋಗ ನಿರ್ಣಯದ ಕೈಪಿಡಿಯಾದ 2013ರ ಡಿಎಸ್‌ಎಂ-5 ಪಟ್ಟಿಮಾಡಿದ ಒಂಬತ್ತು ಸಾಂಸ್ಕೃತಿಕ ಸಂಕಟ-ಪರಿಕಲ್ಪನೆಗಳಲ್ಲೂ ಇದಕ್ಕೆ ಸ್ಥಾನವಿಲ್ಲ.

4. ತಲೆಮಾರು
ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ 'ಡಿಪ್ರೆಶನ್' ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಕಿವಿಗೆ ಬಿದ್ದ ಪದ; ಪ್ರಶ್ನಾವಳಿಯ ಭಾಷೆ ಹಿರಿಯರಿಗಿಂತ ಅವರಿಗೆ ಹತ್ತಿರ. ಮಕ್ಕಳು ನೋವನ್ನು ಹೇಳಿಕೊಳ್ಳುತ್ತಾರೆ, ಹಿರಿಯರು ಅದುಮಿಡುತ್ತಾರೆ ಎಂಬ ರೂಢಿಯ ಹೇಳಿಕೆಯನ್ನು ಆದ್ದರಿಂದ ಎಚ್ಚರದಿಂದ ಓದಬೇಕು. ತಲೆಮಾರುಗಳ ಅಂತರವೆಂದು ಕಾಣುವುದರಲ್ಲಿ ಒಂದು ಪಾಲಾದರೂ ಅಳತೆಗೋಲಿನದೇ ಇರುವ ಸಾಧ್ಯತೆಯಿದೆ.

ಪಿಎಚ್‌ಕ್ಯೂ-9ರ ಆರನೆಯ ಪ್ರಶ್ನೆಯನ್ನು ಇಲ್ಲಿ ಪ್ರತ್ಯೇಕವಾಗಿ ನೋಡಬೇಕು. ಸೋತೆನೆಂಬ, ಮನೆಯವರ ಭರವಸೆ ಕೆಡಿಸಿದೆನೆಂಬ ಭಾವನೆ ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಕಾಡಿತೆಂದು ಅದು ಕೇಳುತ್ತದೆ. ಕ್ರೌಸೆ ದಾಖಲಿಸಿದ ಸಾಮಾಜಿಕ ಸೋಲಿಗೆ ಅತ್ಯಂತ ಸಮೀಪದ ಪ್ರಶ್ನೆ ಇದೇ. ದುಭಾಷಿ ಇಲ್ಲದೆ ಮಗಳೇ ಅನುವಾದಿಸುವಲ್ಲಿ, ತಾಯಿ ಇದಕ್ಕೆ ಉತ್ತರಿಸಬೇಕಾದದ್ದು ಆ ಮನೆಯವರಲ್ಲೇ ಒಬ್ಬಳ ಮುಖ ನೋಡಿಕೊಂಡು. ಅಲ್ಲಿ ದಾಖಲಾಗುವ ಸೊನ್ನೆಯನ್ನು ನೋವಿಲ್ಲವೆಂದು ಎಣಿಸಲಾಗದು.