ಮಲೆ ಮಾದೇಶ್ವರ ಕಾವ್ಯದ ಸಂಗ್ರಹಗಳು ಮತ್ತು ಧ್ವನಿಮುದ್ರಣಗಳು

ಮಲೆ ಮಾದೇಶ್ವರ ಕಾವ್ಯವು ದಕ್ಷಿಣ ಕರ್ನಾಟಕದ ಪ್ರಮುಖ ಮೌಖಿಕ ಮಹಾಕಾವ್ಯಗಳಲ್ಲಿ ಒಂದು. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿರುವ ಮಲೆ ಮಹದೇಶ್ವರ ಬೆಟ್ಟದ ದೈವ ಮಾದೇಶ್ವರನ ಚರಿತ್ರೆಯನ್ನು ಕಂಸಾಳೆಯವರು ಅಥವಾ ದೇವರ ಗುಡ್ಡರು ಎಂದು ಕರೆಯಲಾಗುವ ವೃತ್ತಿ ಗಾಯಕರು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಊರುಗಳಲ್ಲಿ, ಬಂಡಳ್ಳಿಯಂತಹ ಬೆಟ್ಟದ ಸೀಮೆಯ ಗ್ರಾಮಗಳಲ್ಲಿ ಈ ಕಾವ್ಯವು ಇಂದಿಗೂ ಭಕ್ತಿಯ ಅಂಗವಾಗಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ವಿದ್ವಾಂಸರು ಇದನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಪುಸ್ತಕ ರೂಪದಲ್ಲಿ ಪ್ರಕಟಿಸಿದ್ದಾರೆ. ಕಾವ್ಯಕ್ಕೆ ಒಂದೇ ಅಧಿಕೃತ ಪಾಠ ಎಂಬುದಿಲ್ಲ. ಪ್ರತಿಯೊಂದು ಪುಸ್ತಕವೂ ಪ್ರತಿಯೊಂದು ಮುದ್ರಣವೂ ಒಂದು ಮೇಳ ಒಂದು ಸಂದರ್ಭದಲ್ಲಿ ಹಾಡಿದ ಪಾಠವಾಗಿದ್ದು, ಅದನ್ನು ಹಾಗೆಯೇ ಓದಬೇಕಾಗುತ್ತದೆ.

ಗಾಯಕರು ಮತ್ತು ವಾದ್ಯಗಳು

ಮಾದೇಶ್ವರನಿಗೆ ಹರಕೆ ಹೊತ್ತು, ಗುರುವಿನಿಂದ ದೀಕ್ಷೆ ಪಡೆದವರು ದೇವರ ಗುಡ್ಡರಾಗುತ್ತಾರೆ. ಗುಡ್ಡನಾದವನು ವರ್ಷದ ಗೊತ್ತಾದ ದಿನಗಳಲ್ಲಿ ಭಿಕ್ಷೆಗೆ ಹೋಗುವುದು, ಭಕ್ತರ ಮನೆಗಳಲ್ಲಿ ಹಾಡುವುದು, ಜಾತ್ರೆಗಳಲ್ಲಿ ಸೇವೆ ಸಲ್ಲಿಸುವುದು ವಾಡಿಕೆ. ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿ ಮತ್ತು ಮಹಾಲಯ ಅಮಾವಾಸ್ಯೆಯ ಜಾತ್ರೆಗಳಿಗೆ ಕರ್ನಾಟಕ ಮತ್ತು ತಮಿಳುನಾಡಿನಿಂದ ಭಕ್ತರು ಸೇರುತ್ತಾರೆ. ದೇವಾಲಯದ ಪೂಜೆ ಬೇಡಗಂಪಣ ಸಮುದಾಯದವರದಾದರೆ, ಕಥೆಯನ್ನು ಊರೂರಿಗೆ ಒಯ್ಯುವ ಕೆಲಸ ಗುಡ್ಡರದು.

ಕಂಸಾಳೆ ಎಂಬುದು ಕಂಚಿನ ಜೋಡಿ ತಾಳ. ಒಂದು ಬಟ್ಟಲಿನಂತಿದ್ದು ಅಂಗೈಯಲ್ಲಿ ನಿಲ್ಲುತ್ತದೆ. ಇನ್ನೊಂದು ಚಪ್ಪಟೆಯಾಗಿದ್ದು ದಾರದಲ್ಲಿ ತೂಗುತ್ತದೆ. ಬೀಸಿ ಬಡಿಯುತ್ತಾ ಕುಣಿಯುವ ಪ್ರಕಾರಕ್ಕೆ ಬೀಸು ಕಂಸಾಳೆ ಎಂದು ಹೆಸರು. ವೇದಿಕೆಗಳಲ್ಲಿ ಮತ್ತು ಮೆರವಣಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಈ ಕುಣಿತವೇ ಆದ್ದರಿಂದ, ಕಂಸಾಳೆಯೆಂದರೆ ಕೇವಲ ನೃತ್ಯ ಎಂಬ ಅಭಿಪ್ರಾಯ ಪ್ರಚಲಿತದಲ್ಲಿದೆ. ವಾಸ್ತವವಾಗಿ ಕುಳಿತು ರಾತ್ರಿಯಿಡೀ ಕಥೆ ಹಾಡುವುದು ಈ ಸಂಪ್ರದಾಯದ ಮೂಲ ಅಂಗ. ಅಲ್ಲಿ ಮುಖ್ಯ ಗಾಯಕನು ಕಥೆಯನ್ನು ಎತ್ತಿಕೊಡುತ್ತಾನೆ; ಕಂಸಾಳೆ, ದಮ್ಮಡಿ, ಏಕತಾರಿ ಹಿಡಿದ ಹಿಮ್ಮೇಳದವರು ಸೊಲ್ಲನ್ನು ಹಿಡಿದು ಹಾಡುತ್ತಾರೆ. ನಡುನಡುವೆ ಗದ್ಯದ ವಿವರಣೆ, ಸಂಭಾಷಣೆ, ಹಾಸ್ಯ ಬರುತ್ತವೆ. ಕೇಳುಗರು ‘ಉಘೇ’ ಎಂದು ದನಿಗೂಡಿಸುತ್ತಾರೆ.

ಸಾಲುಗಳು

ಕಾವ್ಯದ ಒಂದೊಂದು ಕಥಾಭಾಗಕ್ಕೆ ‘ಸಾಲು’ ಎಂದು ಹೆಸರು. ಮಾದೇಶ್ವರನ ಹುಟ್ಟು, ಶ್ರವಣನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು ಇವು ಮುಖ್ಯವಾದವು. ಒಂದು ರಾತ್ರಿಯಲ್ಲಿ ಇಡೀ ಕಾವ್ಯವನ್ನು ಹಾಡುವ ರೂಢಿಯಿಲ್ಲ. ಹಾಡಿಸುವ ಮನೆಯವರು ಬಯಸಿದ ಸಾಲನ್ನು ಹಾಡಲಾಗುತ್ತದೆ. ಆದ್ದರಿಂದ ‘ಸಂಪೂರ್ಣ ಕಾವ್ಯ’ ಎಂಬ ಕಲ್ಪನೆಗೆ ಸ್ಪಷ್ಟ ರೂಪ ಬಂದದ್ದು ಸಂಪಾದಕರು ಎಲ್ಲ ಸಾಲುಗಳನ್ನೂ ಒಂದೆಡೆ ಕೂಡಿಸಿದ ಮೇಲೆಯೇ ಎನ್ನಬಹುದು.

ದೇವತೆಗಳನ್ನು ಸೆರೆಯಲ್ಲಿಟ್ಟು ದುಡಿಸುವ ಶ್ರವಣ ದೊರೆಯ ಕಥೆಯಲ್ಲಿ ಪಾದರಕ್ಷೆ ಹೊಲಿಯುವ ಹರಳಯ್ಯನಿಗೆ ದೊಡ್ಡ ಪಾತ್ರವಿದೆ. ಅವನಿಂದ ಮಾಡಿಸಿದ ಪಾದರಕ್ಷೆಯೇ ದೊರೆಯ ಅಂತ್ಯಕ್ಕೆ ಸಾಧನವಾಗುತ್ತದೆ. ಹಾಲುಮತದ ಶ್ರೀಮಂತ ಜುಂಜೇಗೌಡನ ಊರು ಆಲಂಬಾಡಿ, ಕಾವೇರಿಯ ದಂಡೆಯ ಗಡಿ ಪ್ರದೇಶದ್ದು. ಹೆಚ್ಚು ಜನಪ್ರಿಯವಾದ ಸಂಕಮ್ಮನ ಸಾಲಿನಲ್ಲಿ ಕಾಡಿಗೆ ಹೊರಟ ಗಂಡ ನೀಲೇಗೌಡನು ಹೆಂಡತಿಯ ಶೀಲವನ್ನು ಶಂಕಿಸಿ, ಬಲಗೈ ಮುಟ್ಟಿ ಭಾಷೆ ಕೊಡುವಂತೆ ಒತ್ತಾಯಿಸುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಅವನು ಕೊಡುವ ಹಿಂಸೆ, ಒಂಟಿಯಾಗಿ ಉಳಿದ ಅವಳಿಗೆ ಮಾದೇಶ್ವರ ಕರುಣಿಸುವ ಕಾರಯ್ಯ ಬಿಲ್ಲಯ್ಯ ಎಂಬ ಮಕ್ಕಳು, ಇವು ಕಥೆಯ ಮುಂದಿನ ಘಟ್ಟಗಳು. ತಪ್ಪು ಮಾಡದವಳು ಭಾಷೆ ಏಕೆ ಕೊಡಬೇಕೆಂಬ ಸಂಕಮ್ಮನ ನಿಲುವು ವಿಮರ್ಶಕರ ಗಮನವನ್ನು ವಿಶೇಷವಾಗಿ ಸೆಳೆದಿದೆ. ಈ ಪ್ರಸಂಗವನ್ನು ಯಾವ ಗಾಯಕ ಎಷ್ಟು ಬೆಳೆಸುತ್ತಾನೆ, ಸಂಕಮ್ಮನ ಬಾಯಲ್ಲಿ ಎಷ್ಟು ಮಾತು ಇಡುತ್ತಾನೆ ಎಂಬುದರ ಮೇಲೆ ಅರ್ಥವೇ ಬದಲಾಗುವುದರಿಂದ, ಪಾಠಗಳನ್ನು ಹೋಲಿಸುವವರು ಈ ಸಾಲಿನಿಂದ ಆರಂಭಿಸುವುದು ಪ್ರಯೋಜನಕರ.

ಮುದ್ರಿತ ಪಾಠಗಳು

ಪಿ. ಕೆ. ರಾಜಶೇಖರ ಅವರು ಸಂಪಾದಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಪ್ರಕಟವಾಯಿತು. ಹಳ್ಳಿಗಳಲ್ಲಿ ತುಣುಕು ತುಣುಕಾಗಿ ಕೇಳಿಬರುತ್ತಿದ್ದ ಕಥೆಗಳು ಕನ್ನಡದಲ್ಲಿ ಒಂದು ಜನಪದ ಮಹಾಕಾವ್ಯವಾಗಿ ಗುರುತಿಸಿಕೊಳ್ಳಲು ಈ ಕೃತಿ ಕಾರಣವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಜೀ. ಶಂ. ಪರಮಶಿವಯ್ಯನವರ ‘ದಕ್ಷಿಣ ಕರ್ನಾಟಕ ಜನಪದ ಕಾವ್ಯಪ್ರಕಾರಗಳು’ ಪಾಠಸಂಗ್ರಹವಲ್ಲ; ಕಂಸಾಳೆ, ನೀಲಗಾರ ಮೊದಲಾದ ವೃತ್ತಿ ಗಾಯಕರ ಪರಂಪರೆಗಳ ಅಧ್ಯಯನ. ಹೊಸದಾಗಿ ಓದುವವರು ಕಾವ್ಯಕ್ಕಿಂತ ಮೊದಲು ಇದನ್ನು ನೋಡಿದರೆ ಹಾಡುವ ಸಂದರ್ಭ ತಿಳಿಯುತ್ತದೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಜನಪದ ಮಹಾಕಾವ್ಯಗಳನ್ನು ಪ್ರಕಟಿಸಲು ಆರಂಭಿಸಿದ ಮೇಲೆ ಸಂಗ್ರಹದ ರೀತಿಯಲ್ಲಿ ಒಂದು ಮುಖ್ಯ ಬದಲಾವಣೆ ಕಂಡುಬಂದಿತು. ಕೆ. ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಪಾಠವನ್ನು ಸಂಗ್ರಹಿಸಿದರು. ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರು ಮಾಡಿದ ಇದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಅನುವಾದದ ಶೀರ್ಷಿಕೆಯ ಜೊತೆಯಲ್ಲೇ ಮುಖ್ಯ ಗಾಯಕರ ಹೆಸರು ಇರುವುದು ಗಮನಾರ್ಹ. ಅಲ್ಲಿಯವರೆಗೆ ಜನಪದ ಸಾಹಿತ್ಯದ ಪುಸ್ತಕಗಳಲ್ಲಿ ಸಂಪಾದಕರ ಹೆಸರು ಮುಖಪುಟದಲ್ಲಿಯೂ ಹಾಡಿದವರ ಹೆಸರು ಅನುಬಂಧದಲ್ಲಿಯೂ ಬರುವುದು ಸಾಮಾನ್ಯವಾಗಿತ್ತು. ಗಂಟೆಗಟ್ಟಲೆ ನೆನಪಿನಿಂದ ಹಾಡಿ, ಕಥೆಗೆ ತನ್ನದೇ ಕಟ್ಟು ಕೊಡುವ ಕಲಾವಿದನನ್ನು ‘ವಕ್ತೃ’ ಎಂದು ಕರೆದು ಬದಿಗಿಡುವುದು ನ್ಯಾಯವಲ್ಲ. ಗ್ರಂಥಾಲಯ ಸೂಚಿಗಳಲ್ಲಿ ಈ ಕೊರತೆ ಇನ್ನೂ ಪೂರ್ತಿ ಹೋಗಿಲ್ಲ.

ಕರಾವಳಿಯ ತುಳು ಸಿರಿ ಕಾವ್ಯದ ದಾಖಲೆಯೊಂದಿಗೆ ಇದನ್ನು ಹೋಲಿಸಬಹುದು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಜೊತೆ 1990ರಲ್ಲಿ ಗೋಪಾಲ ನಾಯ್ಕರಿಂದ ಆ ಕಾವ್ಯವನ್ನು ಧ್ವನಿಮುದ್ರಿಸಿದರು. 15,683 ಸಾಲುಗಳ ಪಾಠವು 1998ರಲ್ಲಿ ಗಾಯಕರ ಹೆಸರಿನೊಂದಿಗೇ ಪ್ರಕಟವಾಯಿತು. ಸಂಶೋಧಕರ ಎದುರು ಕುಳಿತು ಹೇಳಿದ ದೀರ್ಘ ಪಾಠಕ್ಕೂ ಆಚರಣೆಯ ನಡುವೆ ಹಾಡಿದ ಪಾಠಕ್ಕೂ ಇರುವ ವ್ಯತ್ಯಾಸದ ಬಗ್ಗೆ ಹಾಂಕೊ ವಿಸ್ತಾರವಾಗಿ ಬರೆದಿದ್ದಾರೆ. ಮಾದೇಶ್ವರ ಕಾವ್ಯದ ಓದಿಗೂ ಆ ಚರ್ಚೆ ಉಪಯುಕ್ತ.

ಧ್ವನಿಮುದ್ರಣಗಳು

ಮುದ್ರಣಗಳು ಸ್ಥೂಲವಾಗಿ ಎರಡು ಬಗೆಯವು: ಸಂಶೋಧನೆಗಾಗಿ ಮಾಡಿದವು ಮತ್ತು ಮಾರಾಟಕ್ಕಾಗಿ ಮಾಡಿದವು. ಮೊದಲನೆಯ ಬಗೆಯಲ್ಲಿ ಎಚ್. ಎಲ್. ನಾಗೇಗೌಡರು ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು ಮತ್ತು ರಾಮನಗರದ ಜಾನಪದ ಲೋಕದ ಕಾರ್ಯ ಹೆಸರಿಸತಕ್ಕದ್ದು. ನಾಗೇಗೌಡರು ರಾಜ್ಯದ ಅನೇಕ ಗಾಯಕರ ಹಾಡುಗಳನ್ನು ಧ್ವನಿ ಮತ್ತು ದೃಶ್ಯ ರೂಪದಲ್ಲಿ ದಾಖಲಿಸಿದರು.

ಎರಡನೆಯ ಬಗೆಯದು ಕ್ಯಾಸೆಟ್ಟಿನಿಂದ ಬೆಳೆಯಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಹಿಡಿಸುವುದು ಅರ್ಧ ಗಂಟೆ. ಬೆಳಗಿನವರೆಗೆ ಸಾಗುವ ಸಾಲನ್ನು ಅದಕ್ಕೆ ಹೊಂದಿಸಲು ಪುನರಾವರ್ತನೆ, ಸ್ತುತಿ, ಗದ್ಯದ ಮಾತುಗಳನ್ನು ಕಡಿತಗೊಳಿಸಬೇಕಾಯಿತು. ಹಾರ್ಮೋನಿಯಂ, ತಬಲ, ಕೀಬೋರ್ಡು ಸೇರಿದವು. ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜ್ ಮೊದಲಾದ ಗಾಯಕರ ಮುದ್ರಣಗಳು ಹೀಗೆ ಮನೆಮನೆಗೆ ತಲುಪಿದವು. ಇವನ್ನು ‘ಅಶುದ್ಧ’ವೆಂದು ತಳ್ಳಿಹಾಕುವುದು ಸುಲಭ, ಆದರೆ ಇಂದಿನ ಹಲವು ಯುವ ಗಾಯಕರಿಗೆ ಕಥೆ ತಲುಪಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಇವುಗಳ ಮೂಲಕ. ‘ಜನುಮದ ಜೋಡಿ’ (1996) ಮತ್ತು ‘ಜೋಗಿ’ (2005) ಚಲನಚಿತ್ರಗಳು ಕಂಸಾಳೆಯ ನಾದವನ್ನು ಈ ಸೀಮೆಯ ಹೊರಗೂ ಪರಿಚಯಿಸಿದವು.

ಸ್ಟುಡಿಯೋದಲ್ಲಿ ಹಾಡಿದ ತಂಡಗಳ ವಿಷಯದಲ್ಲಿ ಸೂಚಿ ತಯಾರಿಸುವುದು ಬೇರೆ ಬಗೆಯ ಕೆಲಸ. ಬೀಟಲ್ಸ್ ತಂಡದ ಸ್ಟುಡಿಯೋ ದಾಖಲೆಗಳನ್ನು ಆಧರಿಸಿ ಮಾರ್ಕ್ ಲೂಯಿಸನ್ 1988ರಲ್ಲಿ ಪ್ರಕಟಿಸಿದ ಆಕರ ಗ್ರಂಥವು ಯಾವ ದಿನ ಯಾವ ಹಾಡನ್ನು ಎಷ್ಟು ಸಲ ಮುದ್ರಿಸಲಾಯಿತು ಎಂಬುದನ್ನು ದಿನಾಂಕವಾರು ಕೊಡುತ್ತದೆ. ಅಲ್ಲಿ ಹಲವು ಯತ್ನಗಳ ಕೊನೆಗೆ ಬಿಡುಗಡೆಯಾದ ಒಂದು ರೂಪವಿದೆ. ಗುಡ್ಡರ ಹಾಡಿನಲ್ಲಿ ಅಂತಹ ಕೊನೆಯ ರೂಪವಿಲ್ಲದಿರುವುದರಿಂದ ಹಾಡಿದವರು, ಹಿಮ್ಮೇಳ, ಊರು, ದಿನ, ಸಂದರ್ಭ ಇವಿಷ್ಟೂ ದಾಖಲಾಗದಿದ್ದರೆ ಮುದ್ರಣದ ಬೆಲೆ ಬಹಳಷ್ಟು ಕುಗ್ಗುತ್ತದೆ. ಅಂತರಜಾಲದಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಏರಿಸುವಾಗ ಮೊದಲು ಕಳೆದುಹೋಗುವುದು ಈ ವಿವರಗಳೇ. ದೇವರ ಚಿತ್ರ ಉಳಿಯುತ್ತದೆ, ಹಿಮ್ಮೇಳದವರ ಹೆಸರು ಉಳಿಯುವುದಿಲ್ಲ.

ಊರು ಮತ್ತು ಹೆಸರುಗಳ ವ್ಯತ್ಯಾಸ

ಸಂಗ್ರಹಗಳನ್ನು ಹುಡುಕುವವರು ಆಡಳಿತ ವಿಭಾಗಗಳ ಬದಲಾವಣೆಯನ್ನು ನೆನಪಿನಲ್ಲಿಡಬೇಕು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು; ಆ ಬಳಿಕ ಮೈಸೂರು ಜಿಲ್ಲೆಗೆ, 1997ರಲ್ಲಿ ಹೊಸದಾಗಿ ರಚನೆಯಾದ ಚಾಮರಾಜನಗರ ಜಿಲ್ಲೆಗೆ ಸೇರಿತು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಇನ್ನೂ ಈಚೆಗೆ. ಹೀಗಾಗಿ ಬಂಡಳ್ಳಿಯ ಗಾಯಕರೊಬ್ಬರ ಹಾಡು 1973ರ ಸುಮಾರಿನ ದಾಖಲೆಯಲ್ಲಿ ‘ಮೈಸೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು’ ಎಂದೂ ಇಂದಿನ ದಾಖಲೆಯಲ್ಲಿ ‘ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕು’ ಎಂದೂ ಇರುತ್ತದೆ. ದೈವದ ಹೆಸರೂ ಮಾದೇಶ್ವರ, ಮಹದೇಶ್ವರ, ಮಾದಪ್ಪ, ಮಾದೇವ ಎಂದು ಬಗೆಬಗೆಯಾಗಿ ಸಿಗುತ್ತದೆ. ಸರ್ಕಾರಿ ಬಳಕೆಯಲ್ಲಿ ‘ಮಹದೇಶ್ವರ’, ಹಾಡುಗಳಲ್ಲಿ ‘ಮಾದಪ್ಪ’, ‘ಮಾದೇವ’ ಹೆಚ್ಚು.

ಮಂಟೇಸ್ವಾಮಿ ಕಾವ್ಯದೊಂದಿಗೆ ಸಂಬಂಧ

ಇದೇ ಸೀಮೆಯಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಕೆಲವೊಮ್ಮೆ ಇದರೊಂದಿಗೆ ಬೆರೆಸಿ ಹೇಳಲಾಗುತ್ತದೆ. ಎರಡೂ ಬೇರೆ ಬೇರೆ. ನೀಲಗಾರರ ಮುಖ್ಯ ವಾದ್ಯ ತಂಬೂರಿ. ಅವರ ಪುಣ್ಯಕ್ಷೇತ್ರಗಳು ಬೊಪ್ಪೇಗೌಡನಪುರ, ಕಪ್ಪಡಿ ಮತ್ತು ಸಿದ್ದಪ್ಪಾಜಿಯ ಚಿಕ್ಕಲ್ಲೂರು. ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಕನ್ನಡ ವಿಶ್ವವಿದ್ಯಾಲಯವೇ ಪ್ರಕಟಿಸಿದೆ. ಎಚ್. ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಅದನ್ನು ಆಧರಿಸಿದ ನಾಟಕವೇ ಹೊರತು ಸಂಗ್ರಹವಲ್ಲ. ಎರಡೂ ಕಾವ್ಯಗಳನ್ನು ಬಲ್ಲ ಗಾಯಕರು ಇರುವುದರಿಂದ ಒಂದೇ ಕ್ಯಾಸೆಟ್ಟಿನಲ್ಲಿ ಎರಡರ ಹಾಡುಗಳೂ ಸೇರಿರುವುದುಂಟು. ಶೀರ್ಷಿಕೆಯನ್ನಷ್ಟೇ ನೋಡಿ ವರ್ಗೀಕರಿಸದೆ, ಕಥೆಯಲ್ಲಿ ಬರುವ ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳನ್ನು ಕೇಳಿ ನಿರ್ಧರಿಸುವುದು ಕ್ರಮ.