ಮಾದರಿ ವಾಹನ ಕಟ್ಟುವ ಹವ್ಯಾಸ: ದುರ್ಗದ ಸೀಮೆಯಲ್ಲಿ ಬೆಂಡಿನ ಗಾಡಿಯಿಂದ ಫೋಮ್ ಬಸ್ಸಿನವರೆಗೆ

ರಸ್ತೆಯ ಮೇಲೆ ಓಡುವ ಗಾಡಿ, ಕಾರು, ಬಸ್ಸು, ಲಾರಿಗಳನ್ನು ಗೊತ್ತಾದ ಅಳತೆಗೆ ಕುಗ್ಗಿಸಿ, ಬಿಡಿಭಾಗ ಜೋಡಿಸಿ, ಬಣ್ಣ ಹಚ್ಚಿ, ತನಗೆ ಬೇಕಾದಂತೆ ತಿದ್ದಿ ಕಟ್ಟುವ ಹವ್ಯಾಸ. ಅಮೆರಿಕ, ಇಂಗ್ಲೆಂಡ್, ಜಪಾನುಗಳಲ್ಲಿ ಇದು ಪೆಟ್ಟಿಗೆಯಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್‌ನಿಂದ ಹರಡಿ, ಆಮೇಲೆ ಕಿಟ್ಟನ್ನು ತಿದ್ದುವ ಚಟವಾಗಿ ಬೆಳೆಯಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಬಯಲುಸೀಮೆಯ ಊರುಗಳಲ್ಲಿ ನಡೆದದ್ದು ಇದಕ್ಕೆ ತಿರುಗಾಮುರುಗ. ಇಲ್ಲಿ ಕಿಟ್ ಬಂದದ್ದು ಕೊನೆಗೆ, ಅದೂ ಕೆಲವರ ಕೈಗೆ ಮಾತ್ರ. ಕೈಗೆ ಸಿಕ್ಕಿದ್ದರಿಂದ ಗಾಡಿ ಕಟ್ಟಿ, ಅದನ್ನು ತನ್ನ ಊರಿನ ಗಾಡಿಯಂತೆಯೇ ಕಾಣಿಸುವ ಕೆಲಸ ಮೊದಲಿನಿಂದಲೂ ಇತ್ತು.

ಆಟಿಕೆಗೂ ಮಾದರಿಗೂ ಇರುವ ಗೆರೆ ಅಳತೆಯದು. 1:24 ಎಂದರೆ ನಿಜ ವಾಹನದ ಒಂದು ಅಡಿ ಮಾದರಿಯಲ್ಲಿ ಅರ್ಧ ಇಂಚು. ಸುಮಾರು 4.3 ಮೀಟರ್ ಉದ್ದದ ಅಂಬಾಸಿಡರ್ ಈ ಲೆಕ್ಕದಲ್ಲಿ ಒಂದು ಗೇಣಿಗಿಂತ ತುಸು ಚಿಕ್ಕದು, 18 ಸೆಂಟಿಮೀಟರ್. 1:43 ಎಂಬ ವಿಚಿತ್ರ ಸಂಖ್ಯೆ ಆಟದ ರೈಲಿನಿಂದ ಬಂದದ್ದು: ಬ್ರಿಟನ್ನಿನ ‘ಒ’ ಗೇಜ್ ಮಾದರಿ ರೈಲಿನಲ್ಲಿ ಒಂದು ಅಡಿಗೆ ಏಳು ಮಿಲಿಮೀಟರ್ ಲೆಕ್ಕ, ಆ ರೈಲಿನ ಪಕ್ಕ ನಿಲ್ಲಿಸಲು ಮಾಡಿದ ಪುಟ್ಟ ಕಾರುಗಳೂ ಅದೇ ಅಳತೆ ಹಿಡಿದವು.

ವಾಹನದ ಕಿರುರೂಪ ಮಾಡುವ ಆಸೆ ಚಕ್ರದಷ್ಟೇ ಹಳೆಯದು ಎನ್ನಬಹುದು. ಸಿಂಧೂ ಕಣಿವೆಯ ನೆಲೆಗಳಲ್ಲಿ ಸುಟ್ಟ ಮಣ್ಣಿನ ಗಾಡಿಯ ಚೌಕಟ್ಟು, ಚಕ್ರಗಳು ಸಿಕ್ಕಿವೆ. ಮರದ ಅಚ್ಚು ಮಣ್ಣಾಗಿ ಹೋದದ್ದರಿಂದ ಅವು ಸಿಗುವುದೇ ಬಿಡಿಬಿಡಿಯಾಗಿ, ಜೋಡಿಸಿಕೊಳ್ಳಿ ಎನ್ನುವಂತೆ. ಮಹಾರಾಷ್ಟ್ರದ ದೈಮಾಬಾದಿನಲ್ಲಿ 1974ರಲ್ಲಿ ದೊರೆತ ಕಂಚಿನ ರಥ ಸುಮಾರು 45 ಸೆಂಟಿಮೀಟರ್ ಉದ್ದವಿದೆ. ಎರಡು ಎತ್ತು, ನಿಂತ ಸಾರಥಿ, ಮೂಕಿ, ನೊಗ ಎಲ್ಲವೂ ಅದರಲ್ಲಿವೆ. ಕರ್ನಾಟಕದಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಾಡಿ, ರೈಲು, ಕಾರುಗಳು ಹೆಸರಾದವು. ಹಾಲೆಮರವನ್ನು ಚರಕಿಗೆ ಕೊಟ್ಟು ಕಡೆಯುವ ಆ ಕಸುಬಿನಲ್ಲಿ ದುಂಡನೆಯ ಆಕಾರಕ್ಕೇ ಬೆಲೆ, ಆದ್ದರಿಂದ ಅವು ಮುದ್ದಾದ ಆಟಿಕೆಗಳೇ ಹೊರತು ಅಳತೆಯ ಮಾದರಿಗಳಲ್ಲ.

ದುರ್ಗದ ಸೀಮೆಯ ಮಕ್ಕಳ ಮೊದಲ ಕಿಟ್ ಜೋಳದ ದಂಟು. ಒಣಗಿದ ದಂಟಿನ ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿನವರೆಗೆ ಹೊರಸಿಪ್ಪೆಯನ್ನು ಹಲ್ಲಿನಿಂದಲೋ ಕುಡುಗೋಲಿನ ತುದಿಯಿಂದಲೋ ಉದ್ದಕ್ಕೆ ಸೀಳಿ ತೆಗೆದರೆ ಒಳಗೆ ಹಗುರಾದ ಬಿಳಿ ಬೆಂಡು. ಸಿಪ್ಪೆ ಬಾಗುತ್ತದೆ, ಮುರಿಯುವುದಿಲ್ಲ. ಬೆಂಡು ಚುಚ್ಚಿಸಿಕೊಳ್ಳುತ್ತದೆ, ಚುಚ್ಚಿದ್ದನ್ನು ಬಿಡುವುದಿಲ್ಲ. ಈ ಎರಡು ಗುಣ ಸೇರಿದ ಮೇಲೆ ಮೊಳೆ, ಅಂಟು, ದಾರ ಏನೂ ಬೇಡ. ಸಿಪ್ಪೆಯ ಸೀಳನ್ನು ಬಳೆಯಂತೆ ಬಗ್ಗಿಸಿ ತುದಿಗಳನ್ನು ಬೆಂಡಿನ ತುಂಡಿಗೆ ಸಿಕ್ಕಿಸಿದರೆ ಗಾಲಿಯ ಹಳಿ. ನಡುವೆ ಇನ್ನೊಂದು ಬೆಂಡಿನ ತುಂಡು ಗುಂಬ. ಗುಂಬದಿಂದ ಹಳಿಗೆ ಸಣ್ಣ ಸೀಳುಗಳು ಅರೆಕಾಲು. ಅಚ್ಚಿಗೊಂದು ಗಟ್ಟಿ ಕಡ್ಡಿ, ಗಾಲಿ ಕಳಚದಂತೆ ಕಡೆಗೀಲಿಗೆ ಜಾಲಿಮುಳ್ಳು. ಮೂಕಿ, ನೊಗ ಸೇರಿಸಿ ಮುಂದೆ ಎರಡು ಮಣ್ಣೆತ್ತು ಹೂಡಿದರೆ ಗಾಡಿ ತಯಾರು. ಸಿಪ್ಪೆಯ ಅಂಚು ಬ್ಲೇಡಿನಂತೆ ಬೆರಳು ಕೊಯ್ಯುತ್ತದೆ. ಗಾಡಿ ಮುಗಿಯುವ ಹೊತ್ತಿಗೆ ಒಂದೆರಡು ಗಾಯ ಆಗಿಯೇ ಇರುತ್ತದೆ. ಮಣ್ಣೆತ್ತಿನ ಅಮಾವಾಸ್ಯೆ ಆಚರಿಸುವ ಊರುಗಳಲ್ಲಿ ಪೂಜೆ ಮುಗಿದ ಎತ್ತುಗಳಿಗೆ ಹೀಗೆ ಎರಡನೆಯ ಜನ್ಮ ಸಿಗುತ್ತಿತ್ತು. ಮುಸುಕಿನ ಜೋಳ ಹೊಲ ತುಂಬಿದ ಮೇಲೆ ಅದರ ದಂಟೂ ಈ ಕೆಲಸಕ್ಕೆ ಬಂತು. ಬೆಂಡು ದಪ್ಪ, ಆದರೆ ಸಿಪ್ಪೆ ಜೋಳದ ದಂಟಿನಷ್ಟು ಚೆನ್ನಾಗಿ ಬಾಗುವುದಿಲ್ಲ.

ಗಮನಿಸಬೇಕಾದ್ದು ಇಷ್ಟು: ಈ ಗಾಡಿಯಲ್ಲಿ ನಿಜ ಗಾಡಿಯ ಪ್ರತಿಯೊಂದು ಅಂಗಕ್ಕೂ ಜಾಗವಿದೆ, ಹೆಸರಿದೆ. ಹಳ್ಳಿಯ ಬಡಗಿ ದೊಡ್ಡ ಗಾಡಿಗೆ ಬಳಸುವ ಮಾತನ್ನೇ ಹುಡುಗ ತನ್ನ ಒಂದು ಗೇಣಿನ ಗಾಡಿಗೂ ಬಳಸುತ್ತಾನೆ. ತೇರಿನ ಮಟ್ಟಿಗೂ ಇದೇ ಮಾತು. ಹಿರಿಯೂರಿನ ತೇರುಮಲ್ಲೇಶ್ವರನ ಹೆಸರಿನಲ್ಲೇ ತೇರಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಜಿಲ್ಲೆಯ ದೊಡ್ಡ ಜಾತ್ರೆ. ಜಾತ್ರೆ ಮುಗಿದ ವಾರದಲ್ಲಿ ಬಿದಿರುಕಡ್ಡಿ, ಬಣ್ಣದ ಕಾಗದದ ಪುಟ್ಟ ತೇರುಗಳನ್ನು ಕೇರಿಯಲ್ಲಿ ಎಳೆದಾಡುವುದು ಮಕ್ಕಳ ರೂಢಿ.

ಮೋಟಾರು ಬಂದ ಮೇಲೆ ಸಾಮಾನು ಬದಲಾಯಿತು. ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕೊಯ್ದರೆ ಚಕ್ರ, ಮುರಿದ ಛತ್ರಿಯ ಕಡ್ಡಿ ಅಚ್ಚು, ಬೆಂಕಿಪೊಟ್ಟಣ ಅಥವಾ ಎಣ್ಣೆ ಡಬ್ಬ ಬಾಡಿ. ಹೆದ್ದಾರಿಯ ಊರುಗಳಿಗೆ ಇನ್ನೂ ಒಂದು ಅನುಕೂಲವಿತ್ತು. ಹಳೆಯ ರಾಷ್ಟ್ರೀಯ ಹೆದ್ದಾರಿ 4, ಈಗಿನ 48, ಹಿರಿಯೂರು ಮತ್ತು ಚಿತ್ರದುರ್ಗವನ್ನು ಹಾದುಹೋಗುತ್ತದೆ. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ 13 ಚಿತ್ರದುರ್ಗದಲ್ಲಿ ಅದನ್ನು ದಾಟಿ ಹೊಳಲ್ಕೆರೆಯ ಕಡೆ ತಿರುಗುತ್ತಿತ್ತು. ರಸ್ತೆಬದಿಯ ಗ್ಯಾರೇಜಿನಲ್ಲಿ ಎಸೆದ ಲಾರಿ ಬೇರಿಂಗ್ ಮೂರು ಸಿಕ್ಕರೆ, ಒಂದು ಹಲಗೆಗೆ ಹೊಡೆದು ಬೇರಿಂಗ್ ಗಾಡಿ ಮಾಡಿ ಇಳಿಜಾರಿನಲ್ಲಿ ಬಿಡುತ್ತಿದ್ದರು. ಅದು ಮಾದರಿಯಲ್ಲ, ವಾಹನವೇ. ಆದರೆ ಚಾಸಿ ಬೇರೆ, ಬಾಡಿ ಬೇರೆ ಎಂಬ ಪಾಠ ಹುಡುಗರಿಗೆ ದಕ್ಕಿದ್ದು ಇಂಥ ಗ್ಯಾರೇಜುಗಳ ಮುಂದೆ.

ಇದೇ ಹೊತ್ತಿಗೆ ಹೊರಜಗತ್ತಿನಲ್ಲಿ ಹವ್ಯಾಸ ಉದ್ಯಮವಾಗಿತ್ತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ತೂತು ಪಟ್ಟಿ, ನಟ್ಟು ಬೋಲ್ಟುಗಳ ಸೆಟ್ಟಿಗೆ ಹಕ್ಕುಪತ್ರ ಪಡೆದ. ಅದು ಮುಂದೆ ‘ಮೆಕ್ಯಾನೊ’ ಆಯಿತು. ಅದೇ ಕಂಪನಿಯ ‘ಡಿಂಕಿ’ ಎರಕದ ಕಾರುಗಳು 1934ರಿಂದ ಆ ಹೆಸರಿನಲ್ಲಿ ಬಂದವು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನ ಫಿಶರ್ ಬಾಡಿ ವಿಭಾಗ 1930ರಲ್ಲಿ ಹುಡುಗರಿಗೆ ಸ್ಪರ್ಧೆ ಇಟ್ಟಿತು. ಮೊದಲು ಕಟ್ಟಬೇಕಿದ್ದುದು ನೆಪೋಲಿಯನ್ ಕಾಲದ ಕುದುರೆ ಸಾರೋಟು, ಕೆಲವು ವರ್ಷದ ಮೇಲೆ ಸ್ವಂತ ಕಲ್ಪನೆಯ ಕಾರು. ಗೆದ್ದವರಿಗೆ ಕಾಲೇಜು ವಿದ್ಯಾರ್ಥಿವೇತನ. ಸ್ಪರ್ಧೆ 1968ರವರೆಗೆ ನಡೆಯಿತು. ಅಲ್ಲಿಯೂ ಗಾಡಿ ಮುಂದೆ, ಕಾರು ಹಿಂದೆ.

ಪ್ಲಾಸ್ಟಿಕ್ ಕಿಟ್ ಹರಡಿದ್ದು ಎರಡನೆಯ ಮಹಾಯುದ್ಧದ ನಂತರ. ಇಂಗ್ಲೆಂಡಿನ ಏರ್‌ಫಿಕ್ಸ್‌ನ ಮೊದಲ ಮಾದರಿ ವಿಮಾನವಲ್ಲ, ಮಾರಾಟ ಪ್ರತಿನಿಧಿಗಳಿಗೆಂದು ಮಾಡಿದ ಫರ್ಗುಸನ್ ಟ್ರ್ಯಾಕ್ಟರ್. ಅಮೆರಿಕದ ಎ.ಎಂ.ಟಿ. ಕಂಪನಿ ಕಾರು ಷೋರೂಮುಗಳಿಗೆ 1:25 ಅಳತೆಯ ಜಾಹೀರಾತು ಮಾದರಿ ಮಾಡಿಕೊಡುತ್ತಿತ್ತು. 1958ರಲ್ಲಿ ಅದೇ ಅಚ್ಚುಗಳ ಬಲದ ಮೇಲೆ ‘ಒಂದರಲ್ಲಿ ಮೂರು’ ಕಿಟ್ ತಂದಿತು: ಷೋರೂಮಿನಲ್ಲಿದ್ದಂತೆ ಕಟ್ಟಿ, ರೇಸಿಗೆ ಇಳಿಸಿದಂತೆ ಕಟ್ಟಿ, ಇಲ್ಲವೇ ನಿಮ್ಮಿಷ್ಟದಂತೆ ತಿದ್ದಿ ಕಟ್ಟಿ. ಪೆಟ್ಟಿಗೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಭಾಗ ಇಡುವ ಈ ಉಪಾಯವೇ ‘ಕಸ್ಟಮ್’ ಮಾಡುವ ಚಟಕ್ಕೆ ನೀರೆರೆಯಿತು. ನಿಜ ಕಾರುಗಳನ್ನು ಕೊಯ್ದು ಹೊಸ ರೂಪ ಕೊಡುತ್ತಿದ್ದ ಜಾರ್ಜ್ ಬ್ಯಾರಿಸ್‌ನಂಥವರೂ ಕಂಪನಿಯ ಜೊತೆ ಸೇರಿದರು. ಜಪಾನಿನ ಶಿಜುಓಕದಲ್ಲಿ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ತಾಮಿಯಾ 1960ರ ದಶಕದಲ್ಲಿ ಪ್ಲಾಸ್ಟಿಕ್ಕಿಗೆ ತಿರುಗಿ, ಭಾಗಗಳು ಕೂದಲೆಳೆಯಷ್ಟೂ ಸಂದಿ ಬಿಡದೆ ಕೂರುವ ಕಿಟ್‌ಗಳಿಗೆ ಹೆಸರಾಯಿತು.

ಇದರಲ್ಲಿ ಭಾರತಕ್ಕೆ ತಲುಪಿದ್ದು ಚೂರುಪಾರು. 1960ರ ದಶಕದ ಕೊನೆಯಲ್ಲಿ ಡಿಂಕಿಯ ಹಳೆಯ ಅಚ್ಚುಗಳಿಂದ ಕಲ್ಕತ್ತೆಯಲ್ಲಿ ‘ನಿಕ್ಕಿ’ ಕಾರುಗಳು ತಯಾರಾದವು. ಮೆಕ್ಯಾನೊ ಮಾದರಿಯ ‘ಮೆಕಾನಿಕ್ಸ್’ ಸೆಟ್ ಹುಟ್ಟುಹಬ್ಬದ ದೊಡ್ಡ ಉಡುಗೊರೆಯಾಗಿತ್ತು. ಒತ್ತಿ ಹಿಂದಕ್ಕೆಳೆದು ಬಿಟ್ಟರೆ ಓಡುವ ಸೆಂಟಿ ಕಂಪನಿಯ ಅಂಬಾಸಿಡರ್, ಆಟೋರಿಕ್ಷಾಗಳಂತೂ ದಸರೆಯಲ್ಲಿ ಬೊಂಬೆ ಕೂರಿಸುವ ಮನೆಗಳ ಮೆಟ್ಟಿಲ ಕೆಳಗಿನ ‘ಪಟ್ಟಣ’ದಲ್ಲಿ ಖಾಯಂ ಆದವು. ನಿಜವಾದ ಪ್ಲಾಸ್ಟಿಕ್ ಕಿಟ್ ಮಾತ್ರ ಅಪರೂಪ. ಬಳಕೆ ವಸ್ತುಗಳ ಆಮದಿಗಿದ್ದ ಪ್ರಮಾಣದ ಕಟ್ಟು 2001ರ ಏಪ್ರಿಲ್ 1ರಂದು ಪೂರ್ತಿ ಸಡಿಲವಾಗುವವರೆಗೆ ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯೇ ಅದಕ್ಕೆ ದಾರಿ.

ಕಿಟ್ ಸಿಕ್ಕಿದ್ದರೂ ದುರ್ಗದ ಹುಡುಗನ ಆಸೆ ತೀರುತ್ತಿರಲಿಲ್ಲ ಎಂಬುದು ಬೇರೆ ಮಾತು. ಪೆಟ್ಟಿಗೆಯಲ್ಲಿರುವುದು ಯುರೋಪಿನ ಅಥವಾ ಅಮೆರಿಕದ ಲಾರಿ, ಕಾರ್ಖಾನೆಯಿಂದ ಹೊರಟ ಹಾಗೆಯೇ ಇರುವಂಥದು. ಹೆದ್ದಾರಿಯಲ್ಲಿ ಕಾಣುವ ಟಾಟಾ, ಲೇಲ್ಯಾಂಡ್ ಲಾರಿಗಳಾದರೆ ಬಹುಕಾಲ ಕಾರ್ಖಾನೆಯಿಂದ ಹೊರಟದ್ದು ಬರೀ ಚಾಸಿಯಾಗಿ. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು, ಗಾಳಿಗೆ ಮುಖವೊಡ್ಡಿ, ಅದನ್ನು ಬಾಡಿ ಕಟ್ಟುವಲ್ಲಿಗೆ ಓಡಿಸಿಕೊಂಡು ಹೋಗುತ್ತಿದ್ದ; ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡುಗಳು ಈ ಕೆಲಸಕ್ಕೆ ಹೆಸರುವಾಸಿ. ಮರದ ಕ್ಯಾಬಿನ್, ಹಣೆಯ ಮೇಲೆ ದೇವರ ಹೆಸರು, ಬಾಗಿಲಿಗೆ ಹುಲಿ ಅಥವಾ ಕಮಲ, ಹಿಂದೆ ದೃಷ್ಟಿಗೆ ನೇತುಹಾಕಿದ ಹಳೆಯ ಚಪ್ಪಲಿ. ಮಾಲೀಕನ ಮನಸ್ಸಿನಂತೆ ಪ್ರತಿ ಲಾರಿಯೂ ಬೇರೆ. ಅಂದರೆ ನಮ್ಮ ರಸ್ತೆಯ ಲಾರಿ ತಾನೇ ಒಂದು ತಿದ್ದಿ ಕಟ್ಟಿದ ವಾಹನ. ಅಂಥದ್ದರ ಅಚ್ಚು ಯಾವ ಕಂಪನಿಯೂ ಮಾಡಲಾರದು. ಮೊದಲಿನಿಂದ ಕೈಯಲ್ಲೇ ಕಟ್ಟಬೇಕು. ಕೇರಳ, ತಮಿಳುನಾಡು, ಕರ್ನಾಟಕಗಳಲ್ಲಿ ಇಂದು ಯುವಕರು ಮನೆಯ ನೆಲದ ಮೇಲೆ ಕೂತು ಕಟ್ಟುವ ಬಸ್ಸು, ಲಾರಿಗಳ ಮೂಲ ಇಲ್ಲಿದೆ.

ಕರ್ನಾಟಕದಲ್ಲಿ ಹೆಚ್ಚು ಒಲವು ಬಸ್ಸಿನ ಮೇಲೆ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರ ಆಗಸ್ಟ್ 1ರಂದು ನಿಗಮವಾಯಿತು. ಗಂಡಭೇರುಂಡದ ಲಾಂಛನವಿರುವ ಕೆಂಪು ಬಸ್ಸು ಹಳ್ಳಿಯ ಹುಡುಗ ದಿನವೂ ಹತ್ತುವ, ಕಿಟಕಿಯ ಸರಳಿನ ಲೆಕ್ಕದವರೆಗೆ ಬಲ್ಲ ವಾಹನ. ಕಟ್ಟುವ ಸಾಮಾನು ಬೋರ್ಡ್ ಬರೆಯುವವರು ಬಳಸುವ ಫೋಮ್ ಶೀಟ್. 3 ಮಿಲಿಮೀಟರಿನದು ಮೈಗೆ, 5ರದು ಚಾಸಿಗೆ. 12 ಮೀಟರಿನ ಬಸ್ಸು 1:24ರಲ್ಲಿ 50 ಸೆಂಟಿಮೀಟರ್ ಉದ್ದ, ಹತ್ತೂವರೆ ಸೆಂಟಿಮೀಟರ್ ಅಗಲ. ಕಾಗದದ ಮೇಲೆ ನಕ್ಷೆ ತೆಗೆದು, ಕಟ್ಟರ್ ಬ್ಲೇಡಿನಲ್ಲಿ ಕಿಟಕಿ ಕೊಯ್ದು, ಫೆವಿಕ್ವಿಕ್ ಹಾಕಿ ಕೂರಿಸುತ್ತಾರೆ. ಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ದೀಪಕ್ಕೆ ಎಲ್‌ಇಡಿ. ಸಂದಿಗೆ ಗ್ಯಾರೇಜಿನ ಪುಟ್ಟಿ, ಆಮೇಲೆ ವಾಟರ್ ಪೇಪರಿನಲ್ಲಿ ಉಜ್ಜಿ ಉಜ್ಜಿ ನುಣುಪು. ಮುಂದಿನ ಗಾಜನ್ನು ಬಾಗಿಸಿ ಕೂರಿಸುವುದೇ ಕಷ್ಟದ ಕೆಲಸ; ಬಸ್ಸಿನ ಮುಖ ಕೆಟ್ಟರೆ ಉಳಿದದ್ದೆಲ್ಲ ವ್ಯರ್ಥ. ಹಿಂದಿನ ಏಣಿ, ‘ಕೆಎ-16 ಎಫ್’ ನಂಬರ್ ಪ್ಲೇಟು, ಕೊನೆಗೆ ಬೋರ್ಡು: ‘ಚಿತ್ರದುರ್ಗ–ಹೊಸದುರ್ಗ, ಮಾರ್ಗ ಹೊಳಲ್ಕೆರೆ’. ಬೋರ್ಡಿನ ಅಕ್ಷರ ನಿಜ ಬಸ್ಸಿನ ಅಕ್ಷರದಂತೆ ಇದೆಯೋ ಇಲ್ಲವೋ ಎಂದು ನೋಡುವವರೇ ಹೆಚ್ಚು.

ಶಾಲೆಯ ವಸ್ತುಪ್ರದರ್ಶನಕ್ಕೆ ಥರ್ಮಾಕೋಲಿನಲ್ಲಿ ಕೈ ಪಳಗಿಸಿದವರಿಗೆ ಮೊದಲು ಆಗುವ ಅನಾಹುತವೊಂದಿದೆ. ಸ್ಪ್ರೇ ಬಣ್ಣ ಹೊಡೆದ ಕೂಡಲೇ ಬಸ್ಸಿನ ಮೈ ಉಪ್ಪು ಬಿದ್ದ ಮಂಜುಗಡ್ಡೆಯಂತೆ ಕರಗಿ ಗುಳಿ ಬೀಳುತ್ತದೆ. ಥರ್ಮಾಕೋಲ್ ಎಂಬುದು ಉಬ್ಬಿಸಿದ ಪಾಲಿಸ್ಟೈರೀನ್. ಬಣ್ಣದ ದ್ರಾವಕ ಅದನ್ನು ಕರಗಿಸುತ್ತದೆ. ವಿದೇಶಿ ಕಿಟ್‌ಗಳ ಪ್ಲಾಸ್ಟಿಕ್ಕೂ ಪಾಲಿಸ್ಟೈರೀನೇ. ಅವುಗಳ ಅಂಟು ನಿಜಕ್ಕೂ ಅಂಟಲ್ಲ, ಎರಡು ಅಂಚುಗಳನ್ನು ತುಸುವೇ ಕರಗಿಸಿ ಒಂದಾಗಿಸುವ ದ್ರಾವಕ. ಅಲ್ಲಿ ಬೆಸೆಯುವುದೂ ಇಲ್ಲಿ ಕೆಡಿಸುವುದೂ ಒಂದೇ ಗುಣ. ಹುಷಾರಾದವರು ಮೊದಲು ಫೆವಿಕಾಲ್ ಬಳಿದು ಒಣಗಿಸಿ ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಾರೆ.

ಮಾದರಿ ಕಟ್ಟುವುದು ಹುಡುಗಾಟಿಕೆ ಎನ್ನುವವರು ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿಗೆ ಹೋಗಿಬರಬಹುದು. ಅಲ್ಲಿನ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ, ಮರುಬಳಕೆಯ ಉಡಾವಣಾ ವಾಹನದ ರೆಕ್ಕೆಯುಳ್ಳ ಕಿರಿಯ ಮಾದರಿಯನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟು, ತಾನೇ ಬಂದು ರನ್‌ವೇಯಲ್ಲಿ ಇಳಿಯುವಂತೆ ಮಾಡಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಪರೀಕ್ಷೆ ನಡೆದವು.

ಸುಂಕದ ಕಟ್ಟೆಯವರ ಕಣ್ಣಿಗೆ ಮಾತ್ರ ಗಿಲಕಿಯೂ ಕಿಟ್ಟೂ ಒಂದೇ. ಆಟಿಕೆ ಮತ್ತು ಅಳತೆಯ ಮಾದರಿಗಳೆರಡೂ ಸುಂಕಪಟ್ಟಿಯ 9503 ಎಂಬ ಒಂದೇ ಶೀರ್ಷಿಕೆಯಲ್ಲಿವೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿ 1ರಿಂದ ಐಎಸ್‌ಐ ಗುರುತೂ ಕಡ್ಡಾಯವಾಯಿತು. ಚೀನಾದ ಅಗ್ಗದ ಆಟಿಕೆ ತಡೆಯಲು ತಂದ ಈ ಕ್ರಮಗಳ ನಡುವೆಯೇ ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ತಯಾರಿಕೆಯ ಕ್ಲಸ್ಟರಿಗೆ 2021ರಲ್ಲಿ ಅಡಿಗಲ್ಲು ಬಿತ್ತು. ತಾಮಿಯಾ ಕಿಟ್‌ನ ಬೆಲೆ ಏರಿದರೂ ಫೋಮ್ ಶೀಟಿನವರಿಗೆ ಅದರ ಬಿಸಿ ತಟ್ಟಲಿಲ್ಲ. ಅವರ ಚಿಂತೆ ಚಕ್ರದ್ದು. ದೊಡ್ಡ ಬಸ್ಸಿಗೆ ಸರಿಹೊಂದುವ ಚಕ್ರ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಈಗೀಗ ಪಟ್ಟಣದವರು ಡಿಸ್ಕನ್ನು ತ್ರೀಡಿ ಮುದ್ರಣದಲ್ಲಿ ತೆಗೆಸಿಕೊಳ್ಳುತ್ತಾರೆ. ಅದಾಗದವರು ಪಿವಿಸಿ ಪೈಪನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಟಯರು ತೊಡಿಸುತ್ತಾರೆ.